ಗ್ಯಾಮೆಲ್ ಸ್ವಾಮಿಯ ಚಪ್ಪಡಿ

ರೊಟ್ಟಿ ಬೆಂದಿದೆಯೋ ಇಲ್ಲವೋ ತಿಳಿಯಬೇಕಾದರೆ ಅದನ್ನು ಬೋರಲು ಮಾಡಿ ಬೆರಳಿನ ಗೆಣ್ಣಿನಿಂದ ತಟ್ಟಬೇಕು. ಸಿಬಿಲ್ ಹಾಗೆ ತಟ್ಟಲು ಹೋದವಳು ಕೈ ಹಿಂದಕ್ಕೆಳೆದುಕೊಂಡಳು. ರೊಟ್ಟಿಯ ತಳದಲ್ಲಿ ಅಕ್ಷರಗಳು ಎದ್ದು ನಿಂತಿದ್ದವು.

"ಯಾಕೆ, ಚೇಳು ಕಚ್ತಾ?" ಎಂದ ಗಂಡ ಕತ್‌ಬರ್ಟ್.

"ರೊಟ್ಟಿ ಬೇಯಿಸೋ ಈ ಒಲೆಯ ಹಾಸುಗಲ್ಲು ಎಲ್ಲಿಂದ ತಂದೆ ನೀನು?"

"ಎರಡು ವರ್ಷ ಉಂಡು ತೇಗಿ ಈಗ ಕೇಳ್ತೀಯಾ? ಮಠದ್ದು. ಹೊಸ್ತಿಲ ಕಲ್ಲು ಅಂತ ಅವತ್ತೇ ಹೇಳಿದ್ನಲ್ಲ."

"ಹೊಸ್ತಿಲ ಮೇಲೆ ಅಕ್ಷರ ಕೆತ್ತಿರ್ತಾರಾ?"

"ನುಣ್ಣಗಿದ್ದ ಮುಖ ಮೇಲೆ ಬರೋ ಹಾಗೆ ಕೂರಿಸ್ದೆ. ಇನ್ನೊಂದು ಮುಖ ಮುಳ್ಳುಹಂದಿ ಬೆನ್ನಿನ ಹಾಗಿತ್ತು. ಹೋಗ್ಲಿ ಬಿಡು, ರೊಟ್ಟಿಯ ಅಂಡು ಯಾರು ನೋಡ್ತಾರೆ?"

ಮರುದಿನ ಭಾನುವಾರ. ಬ್ರಾಕನ್‌ಬಿ ಊರಿನ ಚರ್ಚಿಗೆ ಹರಕೆ ರೊಟ್ಟಿ ಕೊಡುವ ಸರದಿ ಅವಳ ಮನೆಯದು. ಪೂಜೆ ಮುಗಿದ ಮೇಲೆ ಪಾದ್ರಿ ಅದನ್ನು ಹರಸಿ, ಕುಯ್ದು, ಊರಿಗೆಲ್ಲ ಹಂಚುತ್ತಾರೆ. ಒಂದು ತುಂಡನ್ನು ಎತ್ತಿಟ್ಟು ಮುಂದಿನ ವಾರದ ಸರದಿಯವರ ಕೈಗೆ ಕೊಡುತ್ತಾರೆ. ಅದಕ್ಕೆಂದೇ ಅವಳು ಬಿಳಿ ಗೋಧಿಹಿಟ್ಟನ್ನು ಎರಡು ಸಲ ಜರಡಿ ಹಿಡಿದಿದ್ದಳು. ದಿನದ ರೊಟ್ಟಿ ಕಪ್ಪು, ಒರಟು; ಅಚ್ಚು ಇಷ್ಟು ಸ್ಪಷ್ಟವಾಗಿ ಮೂಡುತ್ತಿರಲಿಲ್ಲ. ಅದರ ತಳದ ಗೀರುಗಳನ್ನು ಕಲ್ಲಿನ ಬಿರುಕೆಂದೇ ಅವಳು ತಿಳಿದಿದ್ದಳು. ತಿಳಿದಿದ್ದಳೋ, ಹಾಗೆಂದುಕೊಂಡರೆ ಸಾಕು ಎಂದು ಸುಮ್ಮನಿದ್ದಳೋ.

ಆ ಊರಿನ ಚರ್ಚು ಒಂದೇ ಸೂರಿನಡಿ ಎರಡು ಮನೆಯಾಗಿ ಬಾಳಿದ್ದು. ಯಾವನೋ ಸರದಾರ ತನ್ನ ಪಾಪ ಕಳೆದುಕೊಳ್ಳಲು ನಾನೂರು ವರ್ಷದ ಹಿಂದೆ ಮಠ ಕಟ್ಟಿಸಿದ. ಮೂಡಲ ಭಾಗದಲ್ಲಿ ಸನ್ಯಾಸಿಗಳು ಹಾಡಿದರು, ಪಡುವಣ ಭಾಗದಲ್ಲಿ ಊರು ಮೊಣಕಾಲೂರಿತು. ಗಂಟೆ ಯಾರು ಮೊದಲು ಬಾರಿಸಬೇಕೆಂದು ಜಗಳವಾಗಿ ನಡುವೆ ಗೋಡೆ ಎದ್ದಿತು. ಈಗಿನ ಅರಸ ಮಠಗಳನ್ನು ಮುಚ್ಚಿಸಿದಾಗ ಆ ಗೋಡೆಯೇ ಊರಿನ ಪಾಲನ್ನು ಉಳಿಸಿತು. ಗೋಡೆಯಾಚೆ ಈಗ ಬರೀ ಆಕಾಶ. ಸೂರಿಗೆ ಹೊದಿಸಿದ್ದ ಸೀಸವನ್ನೂ ಗಂಟೆಗಳನ್ನೂ ಅರಸನ ಜನ ಒಯ್ದರು. ಮಿಕ್ಕದ್ದನ್ನು ಊರು ಒಯ್ದಿತು. ಪಕ್ಕದ ಮನೆಯ ಇಸಟ್‌ಳ ಕೊಟ್ಟಿಗೆಗೆ ಸನ್ಯಾಸಿಗಳು ನಿಂತು ಹಾಡುತ್ತಿದ್ದ ಕಟ್ಟೆಯ ಬಾಗಿಲು. ಗಿರಣಿಯವನ ಹಂದಿಗೂಡಿಗೆ ದೇವದೂತರನ್ನು ಬರೆದ ತೊಲೆ. ಎಲ್ಲರೂ ಒಯ್ದರು, ಆದ್ದರಿಂದ ಯಾರೂ ಕಳ್ಳರಲ್ಲ.

ಆದರೆ ಸಿಬಿಲ್‌ಗೆ ಒಂದು ನೆನಪಿತ್ತು. ಗಾಡಿಯಿಂದಿಳಿದ ಆ ಚಪ್ಪಡಿಯನ್ನು ತೊಳೆದವಳು ಅವಳೇ. ಸಂದುಗಳಲ್ಲಿ ಮೆತ್ತಿದ್ದ ಮಣ್ಣು ತೊಳೆದರೂ ಬಿಡಲಿಲ್ಲ; ಒಂದು ತುದಿಯಲ್ಲಿ ಮೇಣ ಪದರಪದರವಾಗಿ ಹೆಪ್ಪುಗಟ್ಟಿತ್ತು. ಹೊಸ್ತಿಲ ಮೇಲೆ ಯಾರೂ ವರ್ಷಗಟ್ಟಲೆ ಮೇಣದಬತ್ತಿ ಹಚ್ಚುವುದಿಲ್ಲ. ಅದು ಅವಳಿಗೆ ಅಂದೇ ಹೊಳೆದಿತ್ತು. ಹೊಳೆದರೂ ಚಾಕುವಿನಿಂದ ಕೆರೆದು, ಆ ಮೇಣವನ್ನು ಉಂಡೆ ಕಟ್ಟಿ, ಹೊಸ ಬತ್ತಿ ಮಾಡಿ ಮೇರಿ ಮಾತೆಗೆ ಹಚ್ಚಿ, ಒಲೆ ಚೆನ್ನಾಗಿ ಉರಿಯಲಿ ಎಂದು ಬೇಡಿಕೊಂಡಿದ್ದಳು.

ಪಾದ್ರಿಯನ್ನು ಬಿಟ್ಟರೆ ಓದಿ ಹೇಳಬಲ್ಲವರು ಊರಿನಲ್ಲಿ ಒಬ್ಬರೇ: ಮಠದಲ್ಲಿ ದೀಪದ ಸೇವೆ ಮಾಡುತ್ತಿದ್ದ ಮುದುಕ ಆಸ್ಮಂಡ್ ಸ್ವಾಮಿಗಳು. ಉಳಿದ ಸನ್ಯಾಸಿಗಳು ಚದುರಿಹೋದರೂ ಅವರು ಸ್ಮಶಾನದ ಬಾಗಿಲ ಗುಡಿಸಲಿನಲ್ಲಿ ಉಳಿದಿದ್ದರು. ಪ್ರತಿ ಶುಕ್ರವಾರ ಸಿಬಿಲ್ ಅವರಿಗೊಂದು ರೊಟ್ಟಿ ಕೊಡುತ್ತಿದ್ದಳು. ಕೊಡಲು ಹೋಗುವಾಗ ದಾರಿಯಲ್ಲಿ ಯಾರಾದರೂ ನೋಡಿದರೆ ಚೆನ್ನ ಎಂದೂ ಅವಳಿಗನ್ನಿಸುತ್ತಿತ್ತು.

ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವಳು ಗುಡಿಸಲಿಗೆ ಹೋದಳು. ಅವರು ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದರು.

"ಸ್ವಾಮಿಗಳೇ, ಇದನ್ನ ಒಂದಿಷ್ಟು ಓದಿ ಹೇಳ್ತೀರಾ?"

ಅವರು ಬಟ್ಟೆ ಬಿಚ್ಚಲಿಲ್ಲ. "ಗ್ಯಾಮೆಲ್" ಎಂದರು. "ಇಲ್ಲಿ ಮಲಗಿದ್ದಾನೆ ಗ್ಯಾಮೆಲ್, ಈ ಮಠದ ಹಿರಿಯ. ಅಷ್ಟೇ ಇರೋದು ಅದರಲ್ಲಿ."

ಮೂರು ಮಕ್ಕಳನ್ನು ತೊಟ್ಟಿಲಲ್ಲಿ ತೂಗುತ್ತ ಸಿಬಿಲ್ ಹಾಡಿದ್ದು ಆ ಹೆಸರನ್ನೇ:

*ಕದ ತೆಗೆದ ಗ್ಯಾಮೆಲ್ಲು, ಕಣಜ ತೆಗೆದ ಗ್ಯಾಮೆಲ್ಲು,*
*ಹಸಿದೂರ ಮಡಿಲಿಗೆ ಹಿಡಿ ಕಾಳು ಸುರಿದ.*

ಮುತ್ತಜ್ಜಿಯ ಕಾಲದ ಬರಗಾಲದ ಹಾಡು. ಅವನು ಎಲ್ಲಿ ಮಲಗಿದ್ದಾನೆಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಗೋಡೆಯಾಚೆಯ ವಿಷಯ.

"ನೋಡದೇನೇ ಹೇಗೆ ಹೇಳಿದ್ರಿ?"

"ಮೂವತ್ತು ವರ್ಷ ಆ ಕಲ್ಲಿನ ಮೇಲೆ ಬತ್ತಿ ಹಚ್ಚಿದೋನು ನಾನು. ಸಂದಿನ ಮಣ್ಣು ಸುಟ್ಟು ಉದುರಿತೇನೋ, ಚಳಿಗಾಲ ಕಳೆದಾಗಿನಿಂದ ನಿನ್ನ ರೊಟ್ಟಿಯ ಅಡಿಯಲ್ಲಿ ವಾರಕ್ಕೊಂದು ಅಕ್ಷರ ಬರ್ತಿದೆ. ಮಂಕಾಗಿ ಬರ್ತಿತ್ತು. ಆದ್ರೂ ಗುರುತು ಸಿಕ್ತು."

"ಅಯ್ಯೋ! ತಿಳಿದೂ ತಿಂದ್ರಾ? ಒಂದು ಮಾತು ಬಯ್ಯಬಾರದಿತ್ತಾ ನನ್ನ?"

ಮುದುಕರು ತಮ್ಮ ಕೈಗಳನ್ನು ನೋಡಿಕೊಂಡರು. "ಬಯ್ದಿದ್ರೆ ರೊಟ್ಟಿ ನಿಲ್ಲಿಸ್ತಿದ್ದೆ ಅಂತ ಹೆದರಿಕೆ ಆಯ್ತಮ್ಮ. ನನಗೆ ಹಸಿವಿತ್ತು. ಅವನ ಹೆಸರನ್ನ ಕಚ್ಚಿ ಕಚ್ಚಿ ತಿಂದೆ. ನಿನ್ನನ್ನ ಬಯ್ಯೋ ಬಾಯಿ ನನಗೆಲ್ಲಿದೆ?"

ತಾನು ದಾನವೆಂದು ಬೀಗಿದ್ದು ಈ ಮುದುಕರ ಬಾಯಿಗೆ ಬೀಗವಾಗಿತ್ತು. ಸಿಬಿಲ್ ಬಟ್ಟೆ ಬಿಚ್ಚಿ ರೊಟ್ಟಿಯನ್ನು ಬೋರಲು ಮಾಡಿದಳು.

"ತಳ ಕುಯ್ದು ಕೋಳಿಗೆ ಹಾಕ್ಲಾ? ನಾಳೆ ಏನು ಮಾಡ್ಲಿ, ಹೇಳಿ."

"ನನ್ನ ಕೇಳ್ಬೇಡ" ಎಂದರು ಅವರು. "ನಾನು ಈಗಾಗ್ಲೇ ಒಂದು ಸಲ ಸುಮ್ಮನಿದ್ದು ನೋಡಿದ್ದೀನಿ."

ಭಾನುವಾರ ಚರ್ಚು ತುಂಬಿತ್ತು. ಹೆಂಗಸರ ಸಾಲಿನಲ್ಲಿ ಇಸಟ್ ಮೊಣಕೈಯಿಂದ ತಿವಿದಳು. "ಏನಕ್ಕಾ, ರೊಟ್ಟೀನ ಕೂಸಿನ ಹಾಗೆ ಸುತ್ಕೊಂಡಿದ್ದೀಯ? ಸೀದು ಹೋಯ್ತಾ?"

"ಸೀದಿದ್ರೆ ಎಷ್ಟೋ ಚೆನ್ನಾಗಿತ್ತು."

ಪೂಜೆ ಮುಗಿಯಿತು. ಸಿಬಿಲ್ ಮುಂದೆ ಹೋಗಿ ರೊಟ್ಟಿಯನ್ನು ಮೇಜಿನ ಮೇಲಿಟ್ಟಳು, ತಳ ಮೇಲಾಗಿ. ಚಾಕು ಹಿಡಿದ ಪಾದ್ರಿ ಹಾಗೆಯೇ ನಿಂತರು. ಹಿಂದಿನ ಸಾಲಿನಿಂದ ಕತ್‌ಬರ್ಟ್ "ತಿರುಗ್ಸೇ, ತಿರುಗ್ಸು" ಎಂದು ಪಿಸುಗುಟ್ಟಿದ್ದು ಇಡೀ ಚರ್ಚಿಗೆ ಕೇಳಿಸಿತು.

"ಇದು ಗ್ಯಾಮೆಲ್ ಸ್ವಾಮಿಯ ಗೋರಿಕಲ್ಲು" ಎಂದಳು ಸಿಬಿಲ್. "ನಮ್ಮ ಒಲೇಲಿದೆ. ಗೊತ್ತಿರಲಿಲ್ಲ ಅಂತ ನಾನು ಹೇಳೋ ಹಾಗಿಲ್ಲ. ಮೇಣ ಕೆರೆದೋಳು ನಾನೇ."

ಯಾರಾದರೂ ಬಯ್ಯಲಿ ಎಂದು ಅವಳು ಕಾದಳು. ಇಸಟ್‌ಳ ನಾಲಗೆಯಾದರೂ ಏಳಬಹುದೆಂದುಕೊಂಡಳು. ಗಿರಣಿಯವನು ಟೊಪ್ಪಿಗೆಯ ಅಂಚನ್ನು ತಿರುವುತ್ತಿದ್ದ. ಒಬ್ಬೊಬ್ಬರೂ ತಮ್ಮ ತಮ್ಮ ಪಾದ ನೋಡಿಕೊಂಡಿದ್ದರು. ಅವಳನ್ನು ಬಯ್ಯಲು ಹೊರಟವರು ತಮ್ಮ ಮನೆಯ ಬಾಗಿಲಿನಿಂದಲೇ ಶುರುಮಾಡಬೇಕಿತ್ತು.

ಪಾದ್ರಿ ಕೊನೆಗೆ ಹರಸಿದರು, ಕುಯ್ದರು. ಜನ ಸಾಲಾಗಿ ಬಂದು ಕೈಯೊಡ್ಡಿದರು. ಯಾರೂ ತುಂಡನ್ನು ತಿರುಗಿಸಿ ನೋಡಲಿಲ್ಲ. ಎತ್ತಿಟ್ಟ ತುಂಡು ಇಸಟ್‌ಳ ಪಾಲಿಗೆ ಬಂತು. ಮುಂದಿನ ವಾರ ಅವಳದು. ಕೊಟ್ಟಿಗೆಯ ಬಾಗಿಲಿನ ಒಡತಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ಬಾಗಿಲಿನ ಕಡೆಗೇ ನಡೆದಳು.