ಆರಿಸಿ ತೆಗೆದ ಶೇಂಗಾ

ಕನ್ಯೆ ತೋರಿಸುವವರ ಹಾಗೆ ಸಿಂಗರಿಸಿ ತಂದ ಸ್ಯಾಂಪಲ್ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾದಗಿರಿಯ ನಮ್ಮ ಸಣ್ಣ ಲ್ಯಾಬಿನಲ್ಲಿ ನನ್ನ ಕೆಲಸ, ತಿನ್ನುವ ಪದಾರ್ಥದಲ್ಲಿ ಬೂಷ್ಟಿನ ವಿಷ ಇದೆಯೇ ಎಂದು ನೋಡುವುದು. ಶಹಾಪುರದ ಸುಮಂಗಲಾ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿಸಿ ಹಾಸ್ಟೆಲ್‌ಗಳಿಗೆ ಕೊಡುವಾಕೆ. ಮೂರು ಸಲ ಕಾಳು ತಂದಳು. ಮೂರು ಸಲವೂ ತಿಕ್ಕಿ ತೊಳೆದ ಸ್ಟೀಲ್ ಡಬ್ಬಿ, ಒಳಗೆ ಒಂದೇ ಅಳತೆಯ, ಮಿರಮಿರ ಮಿಂಚುವ ಶೇಂಗಾ.

"ಚೀಲದ ತಳ, ನಡು, ಮ್ಯಾಲ, ಮೂರೂ ಕಡಿಂದ ಒಂದೊಂದು ಹಿಡಿ ತಗೊಂಡು ಬಾ ಅಂದಿದ್ದಿಲ್ಲೇನು?" ಎಂದೆ.

"ನಿಮ್ಮ ಮುಂದ ಕಸ ಹೆಂಗ ತಂದಿಡೂದ್ರಿ ನುಜ್ಹತ ಮೇಡಂ? ಮಾನಾ ಹೋಗ್ತದ್ರಿ."

ತೋಬಾ! ವಿಷ ಹುಡುಕುವವಳಿಗೂ ಬೀಗರ ಮರ್ಯಾದೆ! ಹೇಳಿ ಹೇಳಿ ನನ್ನ ಬಾಯಿ ಸೋತಿತು. ಕೊನೆಗೆ ಪರೀಕ್ಷೆಯ ಕಿಟ್ ಅನ್ನು ಚೀಲಕ್ಕೆ ತುರುಕಿಕೊಂಡು ನಾನೇ ಶಹಾಪುರದ ಬಸ್ಸು ಹತ್ತಿದೆ.

ಹೋದ ಕೂಡಲೇ ಚಹಾ. ಚಹಾದ ಹಿಂದೆ ಮಂಡಕ್ಕಿ ಸುಸಲಾ. ಸುಸಲಾದ ಮೇಲೆ ಮತ್ತೆ ಚಹಾ. "ಮೊದಲ ಚೀಲ ಬಿಚ್ಚವ್ವಾ ತಾಯಿ" ಎಂದು ಕೈ ಮುಗಿದ ಮೇಲೆ ಗೋದಾಮಿನ ಬಾಗಿಲು ತೆರೆಯಿತು. ಎಂಟು ಚೀಲಗಳಲ್ಲಿ ಮೊಣಕೈತನಕ ಕೈ ಇಳಿಸಿ ನಾನೇ ಕಾಳು ತೆಗೆದೆ. ಎಲ್ಲ ಬೆರೆಸಿ ಅವಳದೇ ಮಿಕ್ಸರಿನಲ್ಲಿ ಪುಡಿ ಮಾಡಿ, ದ್ರಾವಣ ಹಾಕಿ ಕುಲುಕಿ, ಸೋಸಿ, ಪಟ್ಟಿ ಅದ್ದಿದೆ. ಪಟ್ಟಿಯ ಮೇಲೆ ಎರಡು ಗೆರೆ ಮೂಡಿದರೆ ಪಾಸು, ಒಂದೇ ಮೂಡಿದರೆ ವಿಷ ಮಿತಿ ಮೀರಿದೆ ಎಂದರ್ಥ. ಎರಡು ಮೂಡಿದವು. ಎಲ್ಲ ಚೀಲದ ಕಾಳೂ ಡಬ್ಬಿಯ ಕಾಳಿನಷ್ಟೇ ಚೊಕ್ಕ. ಅಷ್ಟು ಕೂಗಾಡಿದ್ದು ದಂಡವಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

"ನೀವ ಹೇಳಿದ್ರಲ್ರಿ, ಸುಕ್ಕಿದ್ದು, ಕರ್ರಗಾಗಿದ್ದು ಆರಿಸಿ ತಗೀರಿ ಅಂತ" ಎಂದು ಸುಮಂಗಲಾ ಬೀಗಿದಳು. "ನಮ್ಮ ಸುಗಲಮ್ಮನ ಕಣ್ಣು ತಪ್ಪಿಸಿ ಒಂದು ಕಾಳು ಹೋಗಲ್ಲ."

ಬಾಗಿಲ ಬಳಿ ಮೊರ ಹಿಡಿದು ಕೂತಿದ್ದ ಮುದುಕಿ ತಲೆ ಎತ್ತಿ ನಕ್ಕಳು.

"ಆರಿಸಿ ತಗದದ್ದು ಎಲ್ಲಿ ಚೆಲ್ಲತೀರಿ?" ಎಂದೆ, ರಿಪೋರ್ಟ್ ಬರೆಯುತ್ತಲೇ.

"ಚೆಲ್ಲೂದಾ?" ಸುಮಂಗಲಾ ನನ್ನನ್ನೇ ಹುಚ್ಚಿಯಂತೆ ನೋಡಿದಳು. "ಆರಿಸಿದ್ದು ಆರಿಸಿದವರಿಗೇ ರಿ. ಕೂಲಿ ಜೋಡಿ ಅದೂ ಕೊಡೂದು ಮೊದಲಿನಿಂದ ಬಂದ ಪದ್ಧತಿ."

"ಮಮ್ಮಗಳಿಗಿ ಬೆಲ್ಲ ಹಾಕಿ ಕುಟ್ಟಿ ಉಂಡಿ ಮಾಡ್ತೀನ್ರಿ" ಎಂದಳು ಸುಗಲಮ್ಮ. "ಎರಡು ವರ್ಷ ಆತ್ರಿ, ಕೂಸಿಗಿ ಉಂಡದ್ದು ಮೈಗಿ ಹತ್ತವಲ್ದು. ಶೇಂಗಾ ತಿನಸು, ಬೆಳೀತಾಳ ಅಂತ ಎಲ್ಲಾರೂ ಅಂದ್ರು. ಮುಂಜಾನಿ ಒಂದು, ಸಂಜಿಗೊಂದು ತಪ್ಪಸಂಗಿಲ್ರಿ."

ನನ್ನ ಪೆನ್ನು ನಿಂತಿತು. ಮನೆಗೆ ಒಯ್ಯಲು ಅವಳು ಕಟ್ಟಿಟ್ಟಿದ್ದ ಆರಿಸಿದ ಕಾಳಿನ ಗಂಟು ಬಿಚ್ಚಿಸಿ ಒಂದು ಹಿಡಿ ಪುಡಿ ಮಾಡಿದೆ. ಒಂದೇ ಗೆರೆ. ಪಟ್ಟಿಯೇ ಕೆಟ್ಟಿರಲಿ ದೇವರೇ ಎಂದು ಇನ್ನೊಂದು ಅದ್ದಿದೆ. ಅದರಲ್ಲೂ ಒಂದೇ.

"ಸುಗಲಮ್ಮ, ಇದರಾಗ ವಿಷ ಅದ."

"ಚೆಂದಾಗಿ ಹುರೀತೀನ್ರಿ ನಾ."

"ಹುರಿದ್ರ ಹೋಗಂಗಿಲ್ಲ."

"ಹಂಗಾರ ಎಮ್ಮಿಗಿ ಹಾಕ್ತೀನ್ರಿ."

"ಹಾಲಿನಾಗ ಇಳೀತದ ಮಾರಾಯ್ತಿ!"

"ಎಣ್ಣಿ ತಗಸ್ಲೇನ್ರಿ?"

"ಬ್ಯಾಡಂದ್ರ ಬ್ಯಾಡ!" ನನ್ನ ದನಿ ಬೀದಿಗೆ ಕೇಳಿಸಿರಬೇಕು. ಸುಗಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಕೂಸಿಗಿ ಏನಾರ ಆಗ್ತದೇನ್ರಿ?"

ಸುಳ್ಳು ಹೇಳಲಾಗಲಿಲ್ಲ. "ದಿನಾ ತಿಂದ್ರ ಲಿವರಿಗೆ ಬಡೀತದ, ಬೆಳವಣಿಗಿಗೂ ಅಡ್ಡ ಬರ್ತದ ಅಂತಾರ. ಇವತ್ತ ದವಾಖಾನಿಗಿ ಹೋಗೂಣು. ನಾನೂ ಬರ್ತೀನಿ."

"ನಾನ ತಿನಿಸೀನ್ರಿ" ಎಂದಳು. "ಎರಡೂ ಹೊತ್ತು, ನನ್ನ ಕೈಯಾರೆ."

ಯಾರ ಮೇಲೆ ಕೂಗಾಡಲಿ ಈಗ? ಎರಡು ವರ್ಷದಿಂದ ಊರೂರಿಗೆ ಹೋಗಿ ಆರಿಸಿ ತೆಗೆಯಿರಿ, ಆರಿಸಿ ತೆಗೆಯಿರಿ ಎಂದು ಗಂಟಲು ಹರಿದುಕೊಂಡವಳು ನಾನು. ತೆಗೆದದ್ದನ್ನು ಏನು ಮಾಡಬೇಕೆಂದು ಒಂದು ದಿನವೂ ಹೇಳಲಿಲ್ಲ. ಈ ಸೀಮೆಯಲ್ಲಿ ಯಾರಾದರೂ ಕಾಳು ಚೆಲ್ಲುತ್ತಾರೆಯೇ? ನನ್ನಮ್ಮ ಚೆಲ್ಲುತ್ತಿದ್ದಳೇ? ಇಷ್ಟೂ ಹೊಳೆಯದ ತಲೆ ಇದ್ದರೆಷ್ಟು, ಬಿಟ್ಟರೆಷ್ಟು! ನನ್ನ ರಿಪೋರ್ಟಿನಲ್ಲೂ ಅದಕ್ಕೊಂದು ಜಾಗವಿಲ್ಲ. ಅದರ ಪ್ರಕಾರ ಸುಮಂಗಲಾ ಪಾಸು, ನಾನೂ ಪಾಸು.

"ಇನ್ನ ಮ್ಯಾಲ ಆರಿಸಿದ್ದು ಸುಡಬೇಕು" ಎಂದು ಸುಮಂಗಲಾಳ ಮೇಲೆ ಹರಿಹಾಯ್ದೆ. "ಇವರಿಗೆ ಕೊಡೂದಾದ್ರ ಚೀಲದಾಗಿಂದ ಚಲೋ ಕಾಳು ಕೊಡು. ಇಲ್ಲಾಂದ್ರ ಇಲ್ಲೇ ಕೂಡ್ತೀನಿ, ಏಳಂಗಿಲ್ಲ."

ಸುಮಂಗಲಾಳ ಮುಖ ಸಪ್ಪಗಾಗಿತ್ತು. ಚೀಲದಿಂದ ಒಂದು ಸೇರು ಒಳ್ಳೆಯ ಶೇಂಗಾ ಅಳೆದು ತಂದು ಸುಗಲಮ್ಮನ ಮೊರಕ್ಕೆ ಸುರಿದಳು.

ಸುಗಲಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ತನ್ನಷ್ಟಕ್ಕೆ ಹೊರಟಿತು. ದುಂಡನೆಯ ಕಾಳುಗಳನ್ನೆಲ್ಲ ಬೇಗ ಬೇಗ ಮಾರುವ ಬುಟ್ಟಿಗೆ ಎತ್ತಿ ಹಾಕತೊಡಗಿದಳು. ಮೊರದ ಮೂಲೆಯಲ್ಲಿ ತನ್ನ ಪಾಲಿಗೆ, ಮೊದಲೇ ಅಲ್ಲಿದ್ದ ಎರಡು ಸುಕ್ಕಿದ ಕಾಳು ಉಳಿಸಿಕೊಂಡಿದ್ದಳು.

ನಾನು ಅವಳ ಕೈ ಹಿಡಿದೆ. "ಚಲೋ ಕಾಳು ನಿನ್ನವ ಸುಗಲಮ್ಮ. ಎಲ್ಲಾ ನಿನ್ನವ."

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.