ಐಲಿಯ ನೆನಪಿನ ಪರೀಕ್ಷೆ

ನಮ್ಮೂರು ಥಂಡರ್ ಬೇಯಿಂದ ವಿನಿಪೆಗ್ ತಲುಪುವವರೆಗೂ ನನ್ನ ಮಗಳು ಸಿರ್ಕ ಬಾಯಿ ಮುಚ್ಚಲಿಲ್ಲ. ಕಾರು ಓಡಿಸುತ್ತಿದ್ದವಳು ನಾನು. ಅವಳು ಹಿಂದಿನ ಸೀಟಿನಲ್ಲಿ ತನ್ನ ಮಗಳು ಐಲಿಯ ಪಕ್ಕ ಕುಳಿತು ಅಂಕಿಗಳನ್ನು ಒಪ್ಪಿಸಿಕೊಳ್ಳುತ್ತಿದ್ದಳು.

"ಏಳು, ಎರಡು, ಒಂಬತ್ತು, ನಾಲ್ಕು. ಹಿಂದಿಂದ ಹೇಳು."

"ನಾಲ್ಕು, ಒಂಬತ್ತು..."

"ಆಮೇಲೆ?"

"ಎರಡು... ಏಳು."

"ಇಷ್ಟು ತಡ ಮಾಡಿದ್ರೆ ಹೇಗೇ? ಇನ್ನೊಂದ್ಸಲ."

"ಮಗೂಗೆ ಉಸಿರಾಡೋಕಾದ್ರೂ ಬಿಡೇ," ಎಂದೆ.

"ನೀನು ರಸ್ತೆ ನೋಡ್ಕೊಂಡು ಓಡ್ಸಮ್ಮ."

ಶಾಲೆಯ ಬಸ್ಸು ಓಡಿಸಿಯೇ ತಲೆ ನರೆತವಳಿಗೆ ರಸ್ತೆಯ ಪಾಠ! ನನಗೆ ಸಿಟ್ಟು ಬಂತು. ಆದರೆ ಕನ್ನಡಿಯಲ್ಲಿ ಸಿರ್ಕಳ ಮುಖ ಕಂಡು ಸುಮ್ಮನಾದೆ. ಅದು ಜಗಳಕ್ಕೆ ನಿಂತವಳ ಮುಖವಾಗಿರಲಿಲ್ಲ. ಹೆದರಿ ಬಿಳಿಚಿಕೊಂಡಿತ್ತು.

ಐಲಿಗೆ ಹತ್ತು ವರ್ಷ. ಹುಟ್ಟಿನಿಂದಲೇ ಅವಳ ಕಿಡ್ನಿಗಳು ಕೈಕೊಡುತ್ತ ಬಂದು, ಈಗ ಪೂರ್ತಿ ಸೋತಿವೆ. ಹೊಟ್ಟೆಗೆ ಕೂರಿಸಿದ ಕೊಳವೆಗೆ ಯಂತ್ರ ಜೋಡಿಸಿಕೊಂಡು ಮಲಗಬೇಕು. ಕಿಡ್ನಿ ಮಾಡಬೇಕಾದ ಕೆಲಸವನ್ನು ಅದು ಮಾಡುತ್ತದೆ. ಅಷ್ಟೇ ಆಗಿದ್ದರೆ ಹೇಗೋ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆವು. ಆದರೆ ಈಚೆಗೆ ಶಾಲೆಯಿಂದ ದೂರು ಬರತೊಡಗಿತು. ನಿನ್ನೆ ಕಲಿತ ಮಗ್ಗಿ ಇವತ್ತು ಇಲ್ಲ. ಟೀಚರ್ ಮಾತನಾಡುತ್ತಿದ್ದರೆ ಇವಳು ಎಲ್ಲೋ ನೋಡುತ್ತ ಕೂರುತ್ತಾಳೆ. ಗೆಳತಿಯರು ಆಟಕ್ಕೆ ಕರೆಯುವುದನ್ನೇ ಬಿಟ್ಟಿದ್ದಾರೆ. ಇದನ್ನೆಲ್ಲ ಕೇಳಿದ ಕಿಡ್ನಿ ಡಾಕ್ಟರು, ನೆನಪು ಮತ್ತು ಗಮನದ ಪರೀಕ್ಷೆ ಆಗಲೇಬೇಕು ಎಂದರು.

ಸಿರ್ಕ ತನ್ನದೇ ಒಂದು ಕಿಡ್ನಿ ಕೊಡುವುದೆಂದು ಮೊದಲೇ ತೀರ್ಮಾನವಾಗಿತ್ತು. ಕೆರೆಗಳ ಮೇಲಿನ ಮಂಜುಗಡ್ಡೆ ಕರಗುವ ಹೊತ್ತಿಗೆ ಆಪರೇಷನ್. ಅಷ್ಟರಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಸಿಕ್ಕಿದ ಯಾರೋ ಒಬ್ಬ ತಂದೆ ಇವಳ ಕಿವಿ ಊದಿದ. ತಲೆ ಚುರುಕಿಲ್ಲದ ಮಕ್ಕಳು ಮಾತ್ರೆ ಮರೆಯುತ್ತಾರಂತೆ, ಅಂಥವರಿಗೆ ಕಿಡ್ನಿ ಹಾಕುವುದಿಲ್ಲವಂತೆ. ಅವತ್ತಿನಿಂದ ಈ ಒಪ್ಪಿಸುವ ಕಾಟ ಶುರುವಾಯಿತು. ಮಗುವಿಗೂ ಹೇಳಿಬಿಟ್ಟಳು: "ಸರಿಯಾಗಿ ಉತ್ತರ ಹೇಳ್ಲಿಲ್ಲ ಅಂದ್ರೆ ನನ್ನ ಕಿಡ್ನಿ ನಿಂಗೆ ಕೊಡಲ್ಲ ಅವರು. ನೆನಪಿರ್ಲಿ."

"ಡಾಕ್ಟರನ್ನೇ ಒಂದು ಮಾತು ಕೇಳ್ಬಾರ್ದೇನೇ?" ಎಂದಿದ್ದೆ.

"ಕೇಳಿದ್ರೆ ಇಲ್ಲದ ಅನುಮಾನ ಹುಟ್ಟುತ್ತೆ. ನೀನು ಸುಮ್ನಿರು."

ಫಿನ್‌ಲೆಂಡಿನಿಂದ ಬಂದು ಇಲ್ಲಿ ಬೇರು ಬಿಟ್ಟ ನಮ್ಮ ಜನವೇ ಹಾಗೆ. ಕಾರು ಹಿಮದಲ್ಲಿ ಸಿಕ್ಕಿಕೊಂಡರೆ ಪಕ್ಕದ ಮನೆಯವರನ್ನು ಕರೆಯುವುದಿಲ್ಲ. ಒಬ್ಬರೇ ತಳ್ಳಿ ಸೊಂಟ ಹಿಡಿಸಿಕೊಳ್ಳುತ್ತೇವೆ. ಕೇಳುವುದೆಂದರೆ ನಾಚಿಕೆ, ಹೇಳಿಕೊಳ್ಳುವುದೆಂದರೆ ಇನ್ನೂ ನಾಚಿಕೆ.

ಮರುದಿನ ಬೆಳಿಗ್ಗೆ ವಿನಿಪೆಗ್ಗಿನ ಆಸ್ಪತ್ರೆಯಲ್ಲಿ ಬುಶೆ ಎಂಬ ಡಾಕ್ಟರಮ್ಮ ಬಂದು ಐಲಿಯನ್ನು ಒಳಗೆ ಕರೆದುಕೊಂಡು ಹೋದರು. ಮಕ್ಕಳ ಮನಸ್ಸು, ಬುದ್ಧಿಯ ವಿಷಯ ನೋಡುವವರು ಅವರೇ. ನಮಗೆ ಒಳಗೆ ಪ್ರವೇಶವಿಲ್ಲ. ಸಿರ್ಕ ಹೊರಗಿನ ಬೆಂಚಿನ ಮೇಲೆ ಕಾಗದದ ಕಾಫಿ ಲೋಟದ ಅಂಚನ್ನು ಚೂರು ಚೂರಾಗಿ ಹರಿಯುತ್ತ ಕುಳಿತಳು. ನಾನು ತಂದಿದ್ದ ಏಲಕ್ಕಿ ಬ್ರೆಡ್ಡನ್ನು ಮುಟ್ಟಲೂ ಇಲ್ಲ. ಬಾಗಿಲು ಅಲುಗಾಡಿದರೆ ಎದ್ದು ನಿಲ್ಲುವುದು, ಅದು ಬೇರೆ ಯಾರೋ ಎಂದು ತಿಳಿದು ಕೂರುವುದು.

ಕೊನೆಗೆ ಡಾಕ್ಟರಮ್ಮ ಒಬ್ಬರೇ ಹೊರಗೆ ಬಂದು ನಮ್ಮನ್ನು ಪಕ್ಕಕ್ಕೆ ಕರೆದರು.

"ಅಷ್ಟು ಕೆಟ್ಟದಾಗಿದ್ಯಾ?" ಸಿರ್ಕ ಕೇಳಿದಳು.

"ಕೆಟ್ಟದು ಅನ್ನೋಕಿಂತ ವಿಚಿತ್ರವಾಗಿದೆ. ಮೊದಲು ಒಂದಷ್ಟು ಚಿತ್ರ ತೋರಿಸ್ತೀವಿ. ಆಮೇಲೆ ಎರಡೆರಡು ಚಿತ್ರ ಮುಂದಿಟ್ಟು, ಆಗ ನೋಡಿದ್ದು ಯಾವುದು ಅಂತ ಕೇಳ್ತೀವಿ. ಕಣ್ಮುಚ್ಚಿ ಬೆರಳಿಟ್ರೂ ಅರ್ಧ ಸರಿ ಬರುತ್ತೆ. ಐಲಿಗೆ ಒಂದೂ ಸರಿ ಬಂದಿಲ್ಲ."

ಸಿರ್ಕ ಗೋಡೆ ಹಿಡಿದುಕೊಂಡಳು.

"ನೀವು ಹೆದರ್ಬೇಡಿ. ಎಲ್ಲಾನೂ ತಪ್ಪು ಹೇಳ್ಬೇಕು ಅಂದ್ರೆ ಎಲ್ಲಾದಕ್ಕೂ ಸರಿ ಉತ್ತರ ಗೊತ್ತಿರ್ಬೇಕು. ಅವಳು ಬೇಕಂತ್ಲೇ ತಪ್ಪು ತೋರಿಸಿದಾಳೆ. ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?"

ಸಿರ್ಕ ಅವರನ್ನು ದಾಟಿಕೊಂಡು ಸೀದಾ ಒಳಗೆ ನುಗ್ಗಿದಳು. ನಾವಿಬ್ಬರೂ ಹಿಂದೆಯೇ ಓಡಿದೆವು.

"ಏನೇ ಇದು? ಇಷ್ಟು ದೂರ ಬಂದಿದ್ದು ಆಟ ಆಡೋಕಾ? ಕಿಡ್ನಿ ಬೇಡ್ವೇನೇ ನಿಂಗೆ?"

ಐಲಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ತಲೆ ಎತ್ತದೆ ಹೇಳಿದಳು: "ಬೇಡ. ನಿಂದು ಬೇಡ."

"ನಂದು ಬೇಡ್ವಾ? ಯಾಕೆ?"

"ತಾತನ್ನೂ ಚಿಕ್ಕ ಆಪರೇಷನ್ ಅಂತ್ಲೇ ಕರ್ಕೊಂಡು ಹೋದ್ರಿ. ನೀನೂ ಚಿಕ್ಕ ಆಪರೇಷನ್ ಅಂತಿದೀಯ. ನಾನು ತಪ್ಪು ಹೇಳಿದ್ರೆ ಅವರು ನಿನ್ನ ಹೊಟ್ಟೆ ಕುಯ್ಯಲ್ಲ ಅಲ್ವಾ? ನೀನೇ ಹೇಳಿದ್ದು."

ನನ್ನ ಗಂಡ ಟಾವೊ ಹರ್ನಿಯಾ ಆಪರೇಷನ್‌ಗೆಂದು ನಡೆದುಕೊಂಡೇ ಹೋದವನು, ರಕ್ತ ಹೆಪ್ಪುಗಟ್ಟಿ ಅಲ್ಲೇ ತೀರಿಕೊಂಡ. ಮಣ್ಣು ಮಾಡಿ ಬಂದು ಎಲ್ಲರೂ ಕಾಫಿ ಕುಡಿದೆವು, ಆ ವರ್ಷ ಮೀನು ಹೇಗೆ ಬಿದ್ದಿದೆ ಎಂದು ಮಾತನಾಡಿದೆವು. ಆಗ ಐಲಿ ಇನ್ನೂ ಪುಟ್ಟವಳು. ಅವಳಿಗೆ ಯಾರೂ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ನಮ್ಮ ಮನೆಯ ಮಗುವಲ್ಲವೇ! ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ತನಗೆ ತಿಳಿದ ದಾರಿಯಲ್ಲಿ ತಾಯಿಯನ್ನು ಉಳಿಸಿಕೊಳ್ಳಲು ಹೊರಟಿದ್ದಳು. ಐಲಿಯ ಅಪ್ಪ ಬಿಟ್ಟುಹೋಗಿ ಬಹಳ ಕಾಲವಾಗಿದೆ, ಅವನ ಸುದ್ದಿ ಬೇಡ. ಇವಳಿಗೆ ಇರುವವಳು ಅಮ್ಮ ಒಬ್ಬಳೇ, ಮತ್ತೆ ಈ ಮುದುಕಿ.

ಸಿರ್ಕ ಮಗಳ ಮುಂದೆ ಮಂಡಿಯೂರಿ ಕುಳಿತಳು. "ನಂಗೇನೂ..." ಎಂದು ಶುರು ಮಾಡಿ ನಿಲ್ಲಿಸಿದಳು. 'ನಂಗೇನೂ ಆಗಲ್ಲ' ಎನ್ನುವುದು ನಮ್ಮ ಮನೆಯ ಮಾತು, ಟಾವೊ ಕೂಡ ಆಸ್ಪತ್ರೆಯ ಬಾಗಿಲಲ್ಲಿ ಅದನ್ನೇ ಹೇಳಿದ್ದ. ಮಗಳ ಕೈ ಹಿಡಿದು ಹೇಳಿದಳು: "ನಂಗೂ ಭಯ ಇದೆ ಕಣೇ."

ಇವಳನ್ನು ಹೆತ್ತು ಸಾಕಿದವಳು ನಾನು. ಆ ಮಾತನ್ನು ಇವಳ ಬಾಯಲ್ಲಿ ಕೇಳಿದ್ದು ಅವತ್ತೇ ಮೊದಲು.

ಡಾಕ್ಟರಮ್ಮ ಒಂದು ಕುರ್ಚಿ ಎಳೆದುಕೊಂಡರು. "ಈ ಪರೀಕ್ಷೆಗೂ ಕಿಡ್ನಿ ಕೊಡೋದಕ್ಕೂ ಸಂಬಂಧಾನೇ ಇಲ್ಲ. ಕಿಡ್ನಿ ಸರಿ ಇಲ್ದಿದ್ರೆ ಕೆಲವು ಮಕ್ಕಳಿಗೆ ನೆನಪು, ಗಮನ ಕಷ್ಟ ಆಗುತ್ತೆ. ಎಲ್ಲಿ ಕಷ್ಟ ಅಂತ ಗೊತ್ತಾದ್ರೆ ಶಾಲೇಲಿ ಸಹಾಯ ಕೊಡಿಸ್ಬೋದು. ಇದು ಅಷ್ಟಕ್ಕೇ."

"ಇನ್ನೊಂದ್ಸಲ ಹೇಳಿ," ಎಂದಳು ಸಿರ್ಕ. ಅವರು ಇನ್ನೊಂದು ಸಲ ಹೇಳಿದರು.

"ಅಮ್ಮ ಸಾಯಲ್ವಾ?" ಐಲಿ ಕೇಳಿದಳು.

"ಹಾಗಾಗೋದು ತುಂಬಾ ತುಂಬಾ ಕಡಿಮೆ. ಆಗೋದೇ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆಪರೇಷನ್ ಮಾಡೋ ಡಾಕ್ಟರ್ ಹತ್ರ ನಿನ್ನ ಕೂರಿಸ್ತೀನಿ. ನಿಂಗೆ ಏನೇನು ಕೇಳ್ಬೇಕೋ ಎಲ್ಲಾ ಕೇಳು."

ಐಲಿ ಅವರ ಮುಖವನ್ನೇ ನೋಡಿದಳು. ಆಮೇಲೆ, ಊಟವಾದ ಮೇಲೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುವುದಕ್ಕೆ ಒಪ್ಪಿದಳು.

ಮಧ್ಯಾಹ್ನ ನಾವು ಮತ್ತೆ ಅದೇ ಬೆಂಚಿನ ಮೇಲೆ ಕುಳಿತೆವು. ಸಿರ್ಕ ನನ್ನ ಭುಜಕ್ಕೆ ಒರಗಿಕೊಂಡಳು, ಬ್ರೆಡ್ಡನ್ನೂ ತಿಂದಳು. "ಅಮ್ಮಾ, ಬೆಳಿಗ್ಗೆ ಎಲ್ಲಾ ಗೊತ್ತಿದ್ದೇ ತಪ್ಪು ಹೇಳಿದ್ಲಂತಲ್ಲ. ಅಂದ್ರೆ ತಲೆ ಚೆನ್ನಾಗೇ ಇದೆ ಅಂತಾಯ್ತು ಅಲ್ವಾ?"

"ಆಯ್ತಲ್ಲ ಮತ್ತೆ! ಕಳ್ಳಿ, ಡಾಕ್ಟರಿಗೇ ಟೋಪಿ ಹಾಕೋಕೆ ಹೋದ್ಲು," ಎಂದೆ. ಇಬ್ಬರೂ ನಕ್ಕೆವು. ಮನೆಗೆ ಹೋದ ಮೇಲೆ ಆ ಟೀಚರಿಗೆ ಏನೇನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ನಮಗೆ ಆ ನಂಬಿಕೆ ಬೇಕಾಗಿತ್ತು, ಗಟ್ಟಿಯಾಗಿ ಹಿಡಿದುಕೊಂಡೆವು.

ಬಾಗಿಲು ತೆರೆದು ಐಲಿ ಬಂದಳು. ಸೋತುಹೋಗಿದ್ದಳು. ಸೀದಾ ತಾಯಿಯ ಹತ್ತಿರ ಬಂದು ನಿಂತಳು.

"ಅಮ್ಮಾ, ಬೆಳಿಗ್ಗೆ ಬೇಕಂತ ತಪ್ಪು ಹೇಳಿದ್ದೆ. ಈಗ ಬೇಕಂತ ಹೇಳ್ಲಿಲ್ಲ. ಆಣೆ. ಚಿತ್ರ ಏನೋ ಗೊತ್ತಾಯ್ತು. ಆದ್ರೆ ಅವರು ಹೇಳಿದ ಕಥೆ ತಿರುಗಿ ಹೇಳು ಅಂದ್ರು, ಅರ್ಧದಲ್ಲೇ ಹೊರಟೋಯ್ತು. ಅಂಕೀನೂ ಹೊರಟೋಯ್ತು. ಹಿಡ್ಕೊಳ್ಳೋಕೆ ನೋಡ್ದೆ, ಆಗ್ಲಿಲ್ಲ."

ಸಿರ್ಕಳ ನಗು ಮುಖದಲ್ಲೇ ನಿಂತುಹೋಯಿತು. ಹಿಂದೆ ಬಂದ ಡಾಕ್ಟರಮ್ಮ ಮೆಲ್ಲಗೆ ತಲೆಯಾಡಿಸಿದರು. ಬೆಳಗಿನದು ಸುಳ್ಳು, ಇದು ನಿಜ.

"ಈಗ್ಲೂ ಕೊಡ್ತೀಯಾ?" ಐಲಿ ಕೇಳಿದಳು.

"ಕೊಡ್ತೀನಿ ಕಣೇ. ಭಯ ಪಡ್ತಾನೇ ಕೊಡ್ತೀನಿ."

ಐಲಿ ಆಗ ಅಳತೊಡಗಿದಳು. ಬಿಕ್ಕುವುದಲ್ಲ, ಬಾಯಿ ಬಿಟ್ಟು, ಬೆಂಚುಗಳಲ್ಲಿ ಕುಳಿತವರೆಲ್ಲ ತಿರುಗಿ ನೋಡುವ ಹಾಗೆ. ಸಿರ್ಕ ಅವಳನ್ನು ಅಪ್ಪಿಕೊಂಡಳು. ಎಲ್ಲರೂ ನೋಡುತ್ತಿದ್ದಾರೆ, ಸುಮ್ಮನಿರು ಎನ್ನಲು ನನ್ನ ಬಾಯಿ ತಾನಾಗಿ ತೆರೆಯಿತು. ಮುಚ್ಚಿಕೊಂಡೆ.