ಖಂಡೇನವಮಿಯ ರಜೆ

ಹನ್ನೊಂದನೇ ಮೊಟ್ಟೆಯನ್ನು ದೀಪದ ಮುಂದೆ ಹಿಡಿದು ಡಾ. ಯಜ್ಞೇಶ್ವರ ಒಳಗೆ ಇಣುಕಿದರು. ಕೆಂಪು ನರಗಳ ನಡುವೆ ಮರಿ ಮಿಸುಕಿತು. ಅದು ಸತ್ತಿರಬೇಕಿತ್ತು.

ತೊಂಬತ್ತನೇ ಇಸವಿಯಲ್ಲಿ, ಡೊಂಬಿವಲಿಗೆ ಹತ್ತಿರದ ಕಲ್ಯಾಣದಾಚೆಯ ಫಾರ್ಮಿನಲ್ಲಿ ಉಸಿರು ಕಟ್ಟಿ ಸತ್ತ ಕೋಳಿಯಿಂದ ಈ ಮೊಟ್ಟೆಗೆ ಚುಚ್ಚಿದ್ದ ವೈರಸ್ಸನ್ನು ತಂದವರು ಅವರೇ. ಮೊಟ್ಟೆಯಿಂದ ಮೊಟ್ಟೆಗೆ ದಾಟಿಸುತ್ತ ಹೋದರೆ ಅದು ಒಳಗಿನ ಮರಿಯನ್ನು ಎರಡೇ ದಿನದಲ್ಲಿ ಕೊಲ್ಲುವುದನ್ನು ಕಲಿಯುತ್ತದೆ. ಹೊರಗಿನ ಕೋಳಿಯ ಪಾಲಿಗೆ ಮಾತ್ರ ಹಲ್ಲು ಕಿತ್ತ ಹಾವಾಗುತ್ತದೆ. ಆಗ ಅದೇ ಲಸಿಕೆ. ಏಳು ವರ್ಷದಲ್ಲಿ ಎಪ್ಪತ್ತೆರಡು ಸಲ ದಾಟಿಸಿದ್ದರು. ದೀಪಾವಳಿಯೊಳಗೆ ಲಸಿಕೆ ಸಿದ್ಧವಾಗದಿದ್ದರೆ ಹೊರದೇಶದ್ದನ್ನೇ ತರಿಸಿ ಈ ಲಸಿಕೆ ವಿಭಾಗಕ್ಕೆ ಬೀಗ ಹಾಕುತ್ತೇವೆಂದು ಅವರ ಕಂಪೆನಿ ಹೇಳಿಯಾಗಿತ್ತು. ಕೋಳಿಯ ಒಂದೇ ಒಂದು ರೋಗ ಬಿಟ್ಟು ಬೇರೇನೂ ಅರಿಯದ ಐವತ್ಮೂರರ ಮನುಷ್ಯನನ್ನು ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳಲ್ಲಿ ಇನ್ಯಾರು ಕರೆದು ಕೂರಿಸುತ್ತಾರೆ?

ಆಯುಧಪೂಜೆಯ ನವಮಿ, ದಶಮಿ, ಮೇಲೊಂದು ಭಾನುವಾರ. ರಜೆ ಮುಗಿಸಿ ಠಾಕುರ್ಲಿಯ ಮನೆಯಿಂದ ಬಂದು ನೋಡಿದರೆ ಫ್ರೀಜರಿಗೆ ಕುಂಕುಮ, ಚೆಂಡುಹೂವಿನ ಮಾಲೆ, ಕೆಳಗೆ ನೀರು. ಸ್ವಿಚ್ ಆರಿಸಿದವರು ಯಾರೆಂದು ಕೇಳಿದಾಗ, ಕಲಬುರಗಿ ಕಡೆಯ ಲ್ಯಾಬ್ ಜವಾನ ಚಂದ್ರಾಮ ಮುಚ್ಚಿಡಲಿಲ್ಲ.

"ನಾನೇ ರೀ ಸಾಹೇಬ್ರ. ಹೋದ ವರ್ಷ ನೀವೇ ಹೇಳಿದ್ರಲ್ಲ, ಪೂಜಿ ದಿನ ಮಷೀನಿಗೂ ರಜಾ ಇರ್ಲಿ ಅಂತ."

ಹೇಳಿದ್ದು ನಿಜ. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಆಗ ಖಾಲಿಯಿತ್ತು. ಅದನ್ನು ಆರಿಸಿ ಮಾಲೆ ಹಾಕುತ್ತಿದ್ದವನಿಗೆ ನಗುತ್ತ ಅಂದ ಮಾತು. ಇನ್ನೊಂದು ಫ್ರೀಜರಿಗಾಗಿ ಮೂರು ವರ್ಷ ಬರೆದ ಅರ್ಜಿಗಳು ಯಾವ ಮೇಜಿನಲ್ಲಿದ್ದವೋ, ವೈರಸ್ಸಿನ ಸೀಸೆಗಳೆಲ್ಲ ಈ ಒಂದರಲ್ಲೇ ಇದ್ದವು. ಕರಗಿದ ಸೀಸೆಗಳಲ್ಲಿ ಎಲ್ಲಾದರೂ ವೈರಸ್ ಉಳಿದಿದ್ದೀತೆಂಬ ಆಸೆಯಿಂದ ಹನ್ನೆರಡು ಮೊಟ್ಟೆಗಳಿಗೆ ಚುಚ್ಚಿದ್ದರು. ಇವತ್ತಿಗೆ ಐದನೇ ದಿನ.

ಹನ್ನೆರಡನೆಯದನ್ನು ಎತ್ತಿಕೊಂಡಾಗ ಬಾಗಿಲ ಬಳಿ ನಿಂತಿದ್ದ ಚಂದ್ರಾಮ ತಲೆ ತಗ್ಗಿಸಿದ. "ಇದಾದ್ರೂ ಸಾಯ್ಲಿ ಅಂತ ಯಲ್ಲವ್ವಗ ಹರಕಿ ಹೊತ್ತೀನ್ರಿ," ಎಂದ.

ಯಜ್ಞೇಶ್ವರ ಬಹಳ ಹೊತ್ತು ನೋಡಿದರು. ಬೆಳಕಿಗೆ ಕಣ್ಣು ನೀರಾಡಿತು, ಬೆಳಕಿಗೇ ಎಂದುಕೊಂಡರು.

"ಇದೂ ಬದುಕಿದೆ ಮಾರಾಯಾ."

ಕೆಲಸ ಮುಗಿದ ಮೊಟ್ಟೆಗಳನ್ನು ಸುಡುವುದು ಅಲ್ಲಿಯ ಪದ್ಧತಿ. ಚಂದ್ರಾಮ ಬುಟ್ಟಿ ತಂದ. ಅವರು ಬೇಡವೆಂದು ಕೈಯಾಡಿಸಿ, ಹನ್ನೆರಡನ್ನೂ ಒಂದೊಂದಾಗಿ ಕಾವಿನ ಪೆಟ್ಟಿಗೆಗೇ ಮರಳಿಸಿದರು.

ದೀಪಾವಳಿಗೆ ಎರಡು ದಿನವಿರುವಾಗ ಬೀಗ ಹಿಡಿದುಕೊಂಡು ಬಂದವರಿಗೆ ಒಳಗಿಂದ ಚಿಂವ್ ಚಿಂವ್ ಸದ್ದು ಕೇಳಿಸಿತು. ಹನ್ನೆರಡು ಮರಿಗಳು, ಎಲ್ಲವೂ ಗಟ್ಟಿಮುಟ್ಟಾಗಿದ್ದವು.